ಹಾಜರಿ ಹಾಕಿ, ಬತ್ತೀನಿ

ನಿನ್ನ ಸಂಬಳ ಎಷ್ಟಮ್ಮ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳಬೇಕಿತ್ತು. ಯಾವುದು? ಬ್ಯಾಂಕಿಗೆ ಬೀಳೋದಾ, ಕೈಗೆ ಬರೋದಾ?

ಬ್ಯಾಂಕಿಗೆ ಹದಿಮೂರು ಸಾವಿರ ಬೀಳುತ್ತಿತ್ತು. ನನ್ನ ಕೈಗೆ ಒಂಬತ್ತು ಬರುತ್ತಿತ್ತು. ಮಧ್ಯದಲ್ಲಿ ಮಹದೇವಸ್ವಾಮಿ ಇದ್ದ.

ನಾನು ಸುಂದ್ರಮ್ಮ. ತೆರಕಣಾಂಬಿ ಪಕ್ಕದ ಊರು, ಹೊಲಗೇರಿ. ಚಾಮರಾಜನಗರದ ಆಚೆ, ಮನೆಗಳು ಮುಗಿದ ಮೇಲೆ ಒಂದು ನಿಲಯ ಇದೆ. ಬುದ್ಧಿ ಬೆಳೆಯದ, ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಇಟ್ಟುಕೊಳ್ಳುವ ಜಾಗ. ಅಲ್ಲಿ ನಾನು ಆಯಾ. ಕಟ್ಟಡ ಸರ್ಕಾರದ್ದು. ಅಕ್ಕಿ ಸರ್ಕಾರದ್ದು. ಬಾಗಿಲ ಮೇಲಿನ ಬೋರ್ಡು ಸರ್ಕಾರದ್ದು. ನಾವು ಮಾತ್ರ ಏಜೆನ್ಸಿಯವರು.

ಕೆಲಸ ಏನು ಅಂತ ಹೇಳುತ್ತೇನೆ. ಮುಖ ಸಿಂಡರಿಸಬೇಡಿ. ಬೆಳಿಗ್ಗೆ ಹೋದ ತಕ್ಷಣ ಹಾಸಿಗೆ ಬಿಚ್ಚಬೇಕು. ರಾತ್ರಿಯ ಉಚ್ಚೆ, ಹೇಲು ಎಲ್ಲ ಅದರಲ್ಲೇ ಇರುತ್ತದೆ. ಆ ಬಟ್ಟೆ ಎಳೆದು ಹಾಕಿ ಒಬ್ಬೊಬ್ಬರನ್ನೇ ಬಚ್ಚಲಿಗೆ ಒಯ್ಯಬೇಕು. ಮಕ್ಕಳಲ್ಲ ಅವರು. ಬೆಳೆದ ಹೆಂಗಸರು. ಕೆಲವರು ನನಗಿಂತ ತೂಕ. ದಾರಿಯಲ್ಲೇ ಕಾಲು ಮಡಚಿಕೊಂಡು ಕೂತುಬಿಡುತ್ತಾರೆ. ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ನನ್ನ ಸೊಂಟ ಕಳಕ್ ಅನ್ನುತ್ತದೆ. ಮೈ ತೊಳೆಯಬೇಕು. ಹೇನು ತೆಗೆಯಬೇಕು. ತಿಂಗಳ ಬಟ್ಟೆ ಬದಲಿಸಬೇಕು. ಬಾಯಿಗೆ ಅನ್ನ ಇಡಬೇಕು. ಕೆಲವರು ಆ ಅನ್ನವನ್ನು ನಮ್ಮ ಮುಖಕ್ಕೇ ಉಗುಳುತ್ತಾರೆ. ಕೆಲವರು ಕಚ್ಚುತ್ತಾರೆ. ಫಿಟ್ಸ್ ಬಂದರೆ ತಲೆ ನೆಲಕ್ಕೆ ಬಡಿಯದ ಹಾಗೆ ನಮ್ಮ ತೊಡೆ ಕೊಡಬೇಕು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಜರುಗಿ ಕೂರುತ್ತಾರೆ. ಫಿನಾಯಿಲ್ ವಾಸನೆ ಎಷ್ಟು ಉಜ್ಜಿದರೂ ಮೈ ಬಿಡುವುದಿಲ್ಲ.

ವರ್ಷಕ್ಕೊಂದು ಸಲ ಯಾರಾದರೂ ದೊಡ್ಡ ಸಾಹೇಬರು ಬರುತ್ತಾರೆ. "ನೀವು ಮಾಡ್ತಿರೋದು ದೇವರ ಕೆಲಸ ಕಣ್ರಮ್ಮ" ಅನ್ನುತ್ತಾರೆ. ದೂರದಿಂದಲೇ ಕೈ ಮುಗಿಯುತ್ತಾರೆ. ದೇವರ ಕೆಲಸ ಅಂದ ಕೂಡಲೇ ನನಗೆ ತಿಳಿದುಬಿಡುತ್ತಿತ್ತು, ಈ ವರ್ಷವೂ ಸಂಬಳ ಹೆಚ್ಚು ಮಾಡಲ್ಲ ಅಂತ.

ಮಹದೇವಸ್ವಾಮಿ ಏಜೆನ್ಸಿಯ ಸೂಪರ್‌ವೈಸರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮನ್ನೆಲ್ಲ ಗೂಡ್ಸ್ ಆಟೋದಲ್ಲಿ ತುಂಬಿಕೊಂಡು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದ. ತನ್ನ ಮೊಬೈಲ್ ನಂಬರ್ ಕೊಟ್ಟು ಅಕೌಂಟ್ ಮಾಡಿಸಿದ. ಎಟಿಎಂ ಕಾರ್ಡ್ ಬಂದ ದಿನ ಅವನೇ ಇಸಕೊಂಡ. ಎಲ್ಲರ ಕಾರ್ಡಿಗೂ ಒಂದೇ ನಂಬರ್ ಇಟ್ಟ. ರಬ್ಬರ್ ಬ್ಯಾಂಡ್ ಹಾಕಿ ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡ. ಸಂಬಳ ಬಿದ್ದ ದಿನ ಅವನೇ ಮಿಷನ್‌ನಿಂದ ದುಡ್ಡು ತೆಗೆದುಕೊಂಡು ಬಂದು, ನಿಲಯದ ಜಗಲಿಯ ಮೇಲೆ ಕೂತು ಒಬ್ಬೊಬ್ಬರನ್ನೇ ಕೂಗುತ್ತಿದ್ದ. ನಾವು ಎರಡೂ ಕೈ ಒಡ್ಡಬೇಕು. ಅವನು ನನ್ನ ಕೈಗೆ ತಾಗದ ಹಾಗೆ ಮೇಲಿಂದ ನೋಟು ಬಿಡುತ್ತಿದ್ದ.

ಗೊತ್ತಿಲ್ಲದೆ ಮೋಸ ಹೋದೆವು ಅಂತ ಹೇಳಲಾರೆ. ಎಲ್ಲರಿಗೂ ಗೊತ್ತಿತ್ತು. ಗೇಟು ಕಾಯುವ ಚಿಕ್ಕಮಲ್ಲಪ್ಪನಿಗೆ ಗೊತ್ತಿತ್ತು. ನನ್ನ ಜೊತೆಯ ಆಯಾ ನಾಗಲಕ್ಷ್ಮಿಗೆ ಗೊತ್ತಿತ್ತು. ಅಡುಗೆಯ ಮಲ್ಲಾಜಮ್ಮನಿಗೆ ಗೊತ್ತಿತ್ತು. ನಿಲಯದ ಸೂಪರಿಂಟೆಂಡೆಂಟ್ ನಯನಾ ಮೇಡಂಗೂ ಗೊತ್ತಿತ್ತು. ಅವರೊಬ್ಬರೇ ಅಲ್ಲಿ ಪರ್ಮನೆಂಟ್. ಒಂದು ಸಲ ಅವರ ಹತ್ತಿರ ಬಾಯಿ ಬಿಟ್ಟಿದ್ದೆ. "ಅದು ಏಜೆನ್ಸಿ ವಿಷಯ ಸುಂದ್ರಮ್ಮ. ನನ್ನ ಕೈಲಿಲ್ಲ" ಅಂದರು. ಕೆಟ್ಟವರಲ್ಲ. ಹೆದರಿಕೆಯವರು.

ಇನ್ನು ಮೋಳು.

ಅವಳು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವಳು. ಮೈಮೇಲೆ ಗಂಡಸಿನ ಅಂಗಿ ಬಿಟ್ಟರೆ ಏನೂ ಇರಲಿಲ್ಲವಂತೆ. ಮಾತಿಲ್ಲ. ಊರು ಹೆಸರು ಏನು ಕೇಳಿದರೂ ಇಲ್ಲ. ತರಕಾರಿ ತುಂಬಲು ಬಂದ ಕೇರಳದ ಲಾರಿ ಡ್ರೈವರ್ ಒಬ್ಬ "ಮೋಳೇ" ಅಂದಾಗ ತಿರುಗಿ ನೋಡಿದಳಂತೆ. ಅವರ ಭಾಷೆಯಲ್ಲಿ ಮಗಳೇ ಅಂತ. ಪೊಲೀಸರು ಅದನ್ನೇ ಹೆಸರು ಮಾಡಿ ತಂದು ಬಿಟ್ಟರು. ಇಪ್ಪತ್ತೈದೋ ಮೂವತ್ತೋ ವಯಸ್ಸು. ಬಂದ ದಿನ ಯಾರು ಹತ್ತಿರ ಹೋದರೂ ಒದೆಯುತ್ತಿದ್ದಳು. ನನಗೂ ಒದ್ದಳು. ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. ಸಂಜೆ ಹೊತ್ತಿಗೆ ತಾನೇ ತೆವಳಿಕೊಂಡು ಬಂದು ನನ್ನ ಕಾಲ ಮೇಲೆ ತಲೆ ಇಟ್ಟಳು. ಆಮೇಲೆ ನನ್ನ ಕೈಯಿಂದ ಬಿಟ್ಟರೆ ಯಾರ ಕೈಯಿಂದಲೂ ಅನ್ನ ತಿನ್ನುತ್ತಿರಲಿಲ್ಲ. ನನಗೆ ರಜೆ ಇದ್ದ ದಿನ ಒಂದು ಲೋಟ ಹಾಲು ಕುಡಿದರೆ ಹೆಚ್ಚು. ಹಸಿವಾದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ.

ಇದು ನಿಲಯದಲ್ಲಿ ಎಲ್ಲರಿಗೂ ಗೊತ್ತು. ಮಹದೇವಸ್ವಾಮಿಗೆ ಚೆನ್ನಾಗಿ ಗೊತ್ತು. "ನೀನು ಎಲ್ಲಿಗ್ ಹೋದೀಯೆ ಬುಡು ಸುಂದ್ರಿ, ನಿನ್ ಮಗ್ಳು ಇಲ್ಲೇ ಅವ್ಳಲ್ಲ" ಅಂತ ನಗುತ್ತಿದ್ದ.

ಏಳನೇ ವೇತನ ಆಯೋಗ ಜಾರಿಯಾದ ವರ್ಷ ಅದು. ಸರ್ಕಾರಿ ನೌಕರರಿಗೆಲ್ಲ ಸಂಬಳ ಏರಿತು. ಏರಲಿ. ನಾನು ಯಾರ ಅನ್ನಕ್ಕೂ ಕಣ್ಣು ಹಾಕಿದವಳಲ್ಲ. ಇಲಾಖೆಯವರೆಲ್ಲ ಸೇರಿ ನಮ್ಮ ನಿಲಯದ ಹಾಲಿನಲ್ಲಿ ಊಟ ಇಟ್ಟುಕೊಂಡರು. ಹೋಳಿಗೆ, ಪಲಾವ್, ಕೋಸಂಬರಿ. ನಾವು ನೆಲ ತೊಳೆದೆವು. ಟೇಬಲ್ ಹೊತ್ತು ತಂದೆವು. ನೀರಿನ ಕ್ಯಾನು ಹೊತ್ತೆವು. ನಿಲಯದ ಹೆಣ್ಣುಮಕ್ಕಳನ್ನು ಹಿಂದಿನ ರೂಮಿನಲ್ಲಿ ಕೂಡಿ ಹಾಕಲು ಹೇಳಿದರು. ಊಟದ ಹೊತ್ತಿಗೆ ಕೂಗಾಡಬಾರದು ಅಂತ.

ಅವರೆಲ್ಲ ಉಂಡು ಎದ್ದ ಮೇಲೆ ನಾವು ಎಲೆ ತೆಗೆಯಲು ಬಗ್ಗಿದೆವು. ಮಹದೇವಸ್ವಾಮಿ ಒಂದು ತಟ್ಟೆ ಹಿಡಿದು ಬಂದ. ಉಂಡು ಬಿಟ್ಟ ಎಲೆಗಳಿಂದ ಹೋಳಿಗೆ ಆರಿಸಿ ಆರಿಸಿ ತಟ್ಟೆಗೆ ಹಾಕಿದ. ಅರ್ಧ ಮುರಿದದ್ದು. ತುಪ್ಪ ಸುರಿದು ಹಾಗೇ ಬಿಟ್ಟದ್ದು. ಒಂದರಲ್ಲಿ ಹಲ್ಲಿನ ಗುರುತು ಕಾಣುತ್ತಿತ್ತು.

"ತಗಳಿ. ಚೆಲ್ಬೇಡಿ. ಬೇಳೆ ಹೋಳಿಗೆ" ಅಂದ.

ನಾಗಲಕ್ಷ್ಮಿ ಕೈ ಚಾಚಿದಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

"ಬ್ಯಾಡ ಕಣಮ್ಮಿ."

"ಯಾಕೆ, ಹೊಟ್ಟೆ ತುಂಬಿದ್ದಾ?" ಅಂದ ಅವನು. ತಟ್ಟೆ ನೆಲಕ್ಕೆ ಇಟ್ಟ. ಅದೇ ಉಸಿರಿನಲ್ಲಿ ಹೇಳಿದ. "ಹಾಂ, ಮರ್ತಿದ್ದೆ. ಈ ತಿಂಗ್ಳಿಂದ ಇನ್ನೈನೂರು ಹಿಡ್ಕತೀವಿ. ಟೆಂಡರ್ ರಿನ್ಯೂ ಆಗ್ಬೇಕು. ಮೇಲಿನೋರ್ಗೂ ನೋಡ್ಕಬೇಕಲ್ಲ."

"ಬುದ್ಧಿ, ಅವ್ರ್ಗೆ ಏರಿದ್ ದಿನವೇ ನಮ್ಗೆ ಇಳೀತದಾ?" ಅಂದೆ.

ಹೌದು, ನಾನು ಅವನನ್ನು ಬುದ್ಧಿ ಅನ್ನುತ್ತಿದ್ದೆ, ಒಡೆಯರಿಗೆ ಅನ್ನುವ ಹಾಗೆ. ನನ್ನ ಅವ್ವ ಅವರ ಹೊಲದಲ್ಲಿ ಅರಿಶಿನ ಕಿತ್ತವಳು. ಅವಳು ಅವನ ಅಪ್ಪನನ್ನು ಬುದ್ಧಿ ಅಂದಳು. ನಾನು ಇವನನ್ನು ಅಂದೆ. ಅವನಿಗೆ ನನ್ನ ತಮ್ಮನ ವಯಸ್ಸು.

"ನಿಂಗೇನಮ್ಮಿ ಕಮ್ಮಿ? ಬಸ್ ಫ್ರೀ. ಅಕ್ಕಿ ಫ್ರೀ. ಸರ್ಕಾರದೋರು ತಿಂಗ್ಳಿಗೆ ಎರಡ್ಸಾವ್ರ ಬೇರೆ ಹಾಕ್ತಾರೆ. ಸಂಬ್ಳ ತಕಂಡು ಏನ್ ಮಾಡೀಯೆ?"

"ನನ್ ಕಾರ್ಡ್ ಕೊಡಿ ಬುದ್ಧಿ."

ಅವನು ನನ್ನನ್ನೇ ನೋಡಿದ. ಆಮೇಲೆ ಹಾಲಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದವರ ಕಡೆ ತಿರುಗಿ ಜೋರಾಗಿ ಹೇಳಿದ. "ನೋಡಿ ಸಾರ್. ಹೇಲು ಬಾಚೋ ಕೈಗೆ ಎಟಿಎಂ ಕಾರ್ಡ್ ಬೇಕಂತೆ."

ಯಾರೋ ನಕ್ಕರು. ಇನ್ನೊಬ್ಬರೂ ನಕ್ಕರು. ನಯನಾ ಮೇಡಂ ನಗಲಿಲ್ಲ. ಸೆರಗು ಸರಿ ಮಾಡಿಕೊಂಡು ಕೈ ತೊಳೆಯಲು ಹೋದರು.

ನಾನು ಎಲೆ ತೆಗೆದೆ. ನೆಲ ಒರೆಸಿದೆ. ನನ್ನ ಕೈ ನೋಡಿಕೊಂಡೆ. ಸುಣ್ಣದ ನೀರಿಗೆ, ಬ್ಲೀಚಿಂಗ್ ಪೌಡರಿಗೆ ಬಿರಿದ ಕೈ. ಇದೇ ಕೈ ಅಲ್ಲವೇನ್ರಿ ನಿಮ್ಮ ಸರ್ಕಾರದ ಮರ್ಯಾದೆ ತೊಳೆಯೋದು. ಹಾಗಂತ ಬಾಯಿಗೆ ಬಂತು. ಆಡಲಿಲ್ಲ.

ಮನೆಗೆ ಬಂದು, ಬ್ಯಾಂಕಿಗೆ ಹೋಗುತ್ತೇನೆ ಅಂತ ಗಂಡನಿಗೆ ಹೇಳಿದೆ. ಬೆಟ್ಟಯ್ಯ ಬದನಗುಪ್ಪೆಯಲ್ಲಿ ಫ್ಯಾಕ್ಟರಿಯೊಂದಕ್ಕೆ ಲೋಡಿಂಗಿಗೆ ಹೋಗುತ್ತಾನೆ. ಅವನದೂ ಕಾಂಟ್ರಾಕ್ಟೇ.

"ಸುಮ್ಕಿರು ಕಣೆ. ಸಿಕ್ಕೋ ಒಂಬತ್ತೂ ಓದಾತು."

"ನಿನ್ ಕಾರ್ಡ್ ಎಲ್ಲದೆ?"

ಅವನು ಅಂಗಿ ಜೇಬು ಮುಟ್ಟಿದ. "ನನ್ ತಾವೇ ಅದೆ."

"ನಂದ್ಯಾಕೆ ನನ್ ತಾವಿಲ್ಲ?"

ಅವನು ತಲೆ ಕೆರೆದುಕೊಂಡ. ಉಂಡು ಕೈ ತೊಳೆದ ಮೇಲೆ, "ನಾಳಿದ್ದು ನಾನೂ ಬತ್ತೀನಿ ಬ್ಯಾಂಕ್‌ಗೆ. ರಜಾ ಹಾಕ್ತೀನಿ" ಅಂದ.

"ಬ್ಯಾಡ. ನಿನ್ ಕೂಲಿ ಓಯ್ತದೆ. ನಾನ್ ಒಬ್ಳೇ ಓಯ್ತೀನಿ."

ಬ್ಯಾಂಕಿನಲ್ಲಿ ಒಂದು ಹುಡುಗಿ ಕೂತಿದ್ದಳು. ಆಧಾರ್ ಕಾರ್ಡ್ ಮುಂದಿಟ್ಟೆ. "ನನ್ ಎಟಿಎಂ ಕಾರ್ಡ್ ಕೆಲ್ಸ ಮಾಡ್ದಂಗೆ ಮಾಡ್ಬುಡವ್ವ" ಅಂದೆ.

"ಕಳೆದೋಗಿದ್ಯಾ?"

"ಕಳೆದಿಲ್ಲ. ಬೇರೆಯೋರ್ ತಾವು ಅದೆ."

ಅವಳು ತಲೆ ಎತ್ತಿದಳು. "ನೀವೇ ಕೊಟ್ರಾ?"

"ಇಸ್ಕಂಡ್ರು."

ಮತ್ತೆ ಏನೂ ಕೇಳಲಿಲ್ಲ. ಬೆರಳು ಒತ್ತಿಸಿಕೊಂಡಳು. ಮಹದೇವಸ್ವಾಮಿಯ ಮೊಬೈಲ್ ನಂಬರ್ ತೆಗೆದು ನನ್ನದು ಹಾಕಿದಳು. ಹೊಸ ಕಾರ್ಡ್ ಬರೋ ತನಕ ಚೀಟಿ ಬರೆದು ಇಲ್ಲೇ ದುಡ್ಡು ತಗೊಳ್ಳಿ ಅಂದಳು. ಹೊರಗೆ ಬಂದೆ. ಎದುರಿನ ಅಂಗಡಿಯಲ್ಲಿ ಒಂದು ಟೀ ಕುಡಿದೆ. ಕೂತೇ ಕುಡಿದೆ.

ತಿಂಗಳು ಮುಗಿಯಿತು. ಸಂಬಳ ಬಿದ್ದ ಮೆಸೇಜು ಮೊದಲ ಸಲ ನನ್ನ ಫೋನಿಗೆ ಬಂತು. ಅವತ್ತು ಮಧ್ಯಾಹ್ನವೇ ಮೇಡಂಗೆ ಹೇಳಿ ಬ್ಯಾಂಕಿಗೆ ಹೋಗಿ ಅಷ್ಟನ್ನೂ ತಂದೆ.

ಮಾರನೇ ದಿನ ಮೋಳುಗೆ ಸ್ನಾನ ಮಾಡಿಸುತ್ತಿದ್ದೆ. ಬಚ್ಚಲಿನಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಸೋಪು ಹಾಕಿದ್ದೆ. ಕಣ್ಣಿಗೆ ನೊರೆ ಹೋಗಿ ಕುಂಯ್‌ಗುಡುತ್ತಿದ್ದಳು. ಹೊರಗೆ ಬೈಕ್ ನಿಂತ ಸದ್ದಾಯಿತು. ಬೂಟಿನ ಸದ್ದು ಕಾರಿಡಾರಿನಲ್ಲಿ ಬಂತು. ಬಚ್ಚಲ ಬಾಗಿಲು ಧಡ್ ಅಂತ ತೆರೆಯಿತು.

"ಏಯ್ ಸುಂದ್ರಿ! ಮಿಷನ್ನಲ್ಲಿ ನಿನ್ ಕಾರ್ಡ್ ಓಡ್ತಿಲ್ಲ. ಏನ್ ಮಾಡ್ದೆ ನೀನು?"

ಮೋಳು ಬೆತ್ತಲೆ ಕೂತಿದ್ದಳು. ಗಂಡಸಿನ ದನಿ ಕೇಳಿದ್ದೇ ತಡ, ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡಳು. ಮೈಯೆಲ್ಲ ನಡುಗಲು ಶುರುವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಏನಾಗಿತ್ತೋ ಯಾರಿಗೂ ಗೊತ್ತಿಲ್ಲ. ಆದರೆ ಆ ನಡುಕ ನೋಡಿದವರಿಗೆ ಗೊತ್ತಾಗುತ್ತದೆ. ಇವನು ಬಾಗಿಲಲ್ಲಿ ಹಾಗೇ ನಿಂತಿದ್ದ. ಅವನ ಕಣ್ಣಿಗೆ ಅವಳು ಹೆಣ್ಣೇ ಅಲ್ಲ. ಒಂದು ಬಕೆಟ್ಟು, ಒಂದು ಚೊಂಬು, ಒಂದು ಮೋಳು.

ನಾನು ಟವೆಲ್ ಎಳೆದು ಅವಳಿಗೆ ಸುತ್ತಿದೆ. ಎದ್ದು ನಿಂತೆ.

"ಮಾದೇವಸ್ವಾಮಿ, ಆಚೆ ಓಗು."

ಹೆಸರು ಹಿಡಿದು ಕರೆದಿದ್ದೆ. ಏಕವಚನದಲ್ಲಿ. ಅದು ಬಾಯಿಂದ ಬಂದ ಮೇಲೆ ನನಗೇ ಗೊತ್ತಾಯಿತು.

"ಏನಂದೆ?"

"ಹೆಣ್ಮಗ್ಳು ಬೆತ್ಲೆ ಅವ್ಳೆ. ಆಚೆ ಓಗು ಅಂದೆ. ಮಾತಾಡೋದಿದ್ರೆ ಅಂಗ್ಳದಲ್ಲಿ ನಿಂತ್ಕ. ಇವ್ಳಿಗೆ ಬಟ್ಟೆ ಆಕ್ಬುಟ್ಟು ಬತ್ತೀನಿ."

ಕೈಯಲ್ಲಿ ಬಿಸಿನೀರಿನ ಚೊಂಬು ಇತ್ತು. ಎರಚುತ್ತೇನೆ ಅಂತ ಹಿಡಿದಿರಲಿಲ್ಲ. ಎರಚುವುದಿಲ್ಲ ಅಂತಲೂ ಹಿಡಿದಿರಲಿಲ್ಲ. ಅವನು ಹಿಂದೆ ಸರಿದ.

ನಾನು ಅವಸರ ಮಾಡಲಿಲ್ಲ. ಮೋಳು ತಲೆಯ ನೊರೆ ತೊಳೆದು ಒರೆಸಿದೆ. ಎಣ್ಣೆ ಹಚ್ಚಿದೆ. ನೈಟಿ ಹಾಕಿದೆ. ನಡುಕ ನಿಲ್ಲುವವರೆಗೂ ಬೆನ್ನು ಸವರಿದೆ. ಆಮೇಲೆ ಅಂಗಳಕ್ಕೆ ಹೋದೆ.

"ದುಡ್ಡು ತೆಗ್ದ್ಯಾ?"

"ತೆಗ್ದೆ."

"ನಮ್ ಪಾಲು ಎಲ್ಲಿ?"

"ನಿಮ್ ಪಾಲು ಯಾವ್ದು? ಇವತ್ ಯಾರ್ ಕುಂಡೆ ತೊಳ್ದೆ ನೀನು?"

ಅಡುಗೆಮನೆ ಕಿಟಕಿಯಲ್ಲಿ ಪಾತ್ರೆ ಸದ್ದು ನಿಂತಿತು. ಮಹದೇವಸ್ವಾಮಿಯ ಮುಖ ಕೆಂಪಗಾಯಿತು. ಕೈ ಎತ್ತಿದ. ಹೊಡೆಯಲಿಲ್ಲ. ಆ ಕೈಯಿಂದಲೇ ಗೇಟು ತೋರಿಸಿದ.

"ನಾಳೆಯಿಂದ ಬರ್ಬೇಡ. ಚಿಕ್ಕಮಲ್ಲಪ್ಪ, ಇವ್ಳು ಬಂದ್ರೆ ಗೇಟ್ ತೆಗ್ದೀಯೆ ಜೋಕೆ."

ಮಾರನೇ ದಿನ ಬಂದೆ. ದಿನಾ ಬರುವ ಹೊತ್ತಿಗೇ ಬಂದೆ. ಗೇಟಿಗೆ ಬೀಗ ಇತ್ತು. ಚಿಕ್ಕಮಲ್ಲಪ್ಪ ನನ್ನ ಮುಖ ನೋಡದೆ, "ನನ್ ಒಟ್ಟೆಪಾಡು ಕಣಕ್ಕ" ಅಂದ. ನಾನು ಅವನನ್ನು ಬೈಯಲಿಲ್ಲ. ಗೇಟಿನ ಕಂಬಿ ಹಿಡಿದು ನಿಂತೆ.

ಒಳಗೆ ಉಳಿದವರಿಗೆಲ್ಲ ತಿಂಡಿ ಕೊಡುತ್ತಿದ್ದ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮೋಳು ಕೂಗು ಶುರುವಾಯಿತು. ಮೊದಲು ಸಣ್ಣಗೆ. ಆಮೇಲೆ ದೊಡ್ಡದಾಗಿ. ನಾಗಲಕ್ಷ್ಮಿ ಅವಳನ್ನು ರಮಿಸುತ್ತಿದ್ದಳು. "ತಿನ್ನು ನನ್ನವ್ವ, ಒಂದ್ ತುತ್ತು." ತಟ್ಟೆ ಬಿದ್ದ ಸದ್ದು ಬಂತು. ಆಮೇಲೆ ಧಪ್. ಧಪ್. ತಲೆ ಗೋಡೆಗೆ ಬೀಳುವ ಸದ್ದು ನನಗೆ ಗೊತ್ತು. ಅದು ಬೇರೆ ಯಾವ ಸದ್ದಿನ ಹಾಗೂ ಇರುವುದಿಲ್ಲ.

ನಯನಾ ಮೇಡಂ ಓಡಿ ಬಂದರು. ಕಾಲಿಗೆ ಚಪ್ಪಲಿ ಇರಲಿಲ್ಲ. ಚಿಕ್ಕಮಲ್ಲಪ್ಪನ ಕೈಯಿಂದ ಬೀಗ ತೆಗೆಸಿದರು. ಗೇಟಿನ ಒಂದು ಬಾಗಿಲು ತೆರೆದುಕೊಂಡಿತು.

"ಸುಂದ್ರಮ್ಮ, ಒಳಗೆ ಬಾ. ಮೊದಲು ಅವಳಿಗೆ ತಿನ್ನಿಸು. ಹಣೆ ಒಡ್ಕೊಂಡಿದಾಳೆ."

ನನ್ನ ಒಂದು ಕಾಲು ಒಳಗೆ ಹೋಯಿತು. ಅದಾಗಿಯೇ ಹೋಯಿತು.

"ಹಾಜರಿ ಹಾಕ್ತೀರಾ ಮೇಡಂ?"

"ಏಜೆನ್ಸಿಯವರು ನಿನ್ನ ತೆಗೆದಿದೀವಿ ಅಂತಿದಾರೆ. ನಾನು ಹ್ಯಾಗೆ ಹಾಕಲಿ? ಇವತ್ತೊಂದು ದಿನ ಮನುಷ್ಯತ್ವದ ಮೇಲೆ ಬಾ."

ನಾನು ಒಳಗಿಟ್ಟ ಕಾಲು ಹಿಂದಕ್ಕೆ ತೆಗೆದೆ.

ಅದನ್ನು ಹೇಳುವುದು ಸುಲಭ. ತೆಗೆಯುವುದು ಸುಲಭ ಇರಲಿಲ್ಲ. ನೂರು ಸಲ ಅವಳನ್ನು ಎತ್ತಿದಾಗಲೂ ನನ್ನ ಸೊಂಟ ಅಷ್ಟು ನೊಂದಿರಲಿಲ್ಲ.

"ಇಷ್ಟ್ ವರ್ಷ ಮನುಷ್ಯತ್ವದ ಮೇಲೇ ಬಂದೀನಿ ಮೇಡಂ. ಇವತ್ತು ಕೆಲ್ಸದ ಮೇಲೆ ಬತ್ತೀನಿ. ಹಾಜರಿ ಹಾಕಿ, ಬತ್ತೀನಿ."

"ಅವಳು ಸತ್ತರೆ?"

"ಸತ್ರೆ ನನ್ ಮೇಲೆ ಆಕ್ಬೇಡಿ. ಬೀಗ ಆಕ್ದೋರು ಯಾರು?"

ಮೇಡಂ ಕಣ್ಣಲ್ಲಿ ನೀರು ಬಂತು. "ನಿನಗೆ ದುಡ್ಡೇ ಮುಖ್ಯ ಆಯ್ತಲ್ಲ ಸುಂದ್ರಮ್ಮ. ನಿನಗೆ ಅವಳ ಮೇಲೆ ಪ್ರೀತಿ ಇದೆ ಅಂದ್ಕೊಂಡಿದ್ದೆ."

ಸಿಟ್ಟು ಬಂತು. ದನಿ ಮಾತ್ರ ಜೋರಾಗಲಿಲ್ಲ.

"ದುಡ್ಡಿಗೇ ಮಾಡ್ತೀನಿ ಮೇಡಂ. ನೀವೂ ದುಡ್ಡಿಗೇ ಮಾಡ್ತೀರಿ. ನಿಮ್ಗೆ ಸಂಬ್ಳ ಏರ್ದಾಗ ಪ್ರೀತಿ ಇಲ್ವಾ ಅಂತ ಯಾರಾದ್ರೂ ಕೇಳಿದ್ರಾ? ಹೋಳಿಗೆ ಉಂಡ್ರಿ. ಪ್ರೀತಿ ಬೇರೆ. ಅದು ನಂದು, ಅವ್ಳದು. ಅದ್ನ ತೋರ್ಸಿ ನನ್ ಕೂಲಿ ಮುರೀಬೇಡಿ."

ಒಳಗೆ ಮತ್ತೆ ಧಪ್ ಅಂತ ಕೇಳಿತು. ನಾನು ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಕಣ್ಣು ಮುಚ್ಚಿಕೊಳ್ಳಲಿಲ್ಲ.

ಆಗ ಅಡುಗೆಮನೆಯಿಂದ ಮಲ್ಲಾಜಮ್ಮ ಬಂದಳು. ಬಡ ವಿಧವೆ. ಲಿಂಗಾಯತರ ಹೆಂಗಸು. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ಅಡುಗೆಮನೆ ಹೊಸ್ತಿಲು ದಾಟಲು ಬಿಟ್ಟವಳಲ್ಲ. ನನ್ನ ಲೋಟ ಕಿಟಕಿಯ ಹೊರಗಿನ ಮೊಳೆಗೆ ನೇತು ಹಾಕಿಸಿದವಳು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು.

"ಒಲೆ ಆರ್ಸಿದೀನಿ ಮೇಡಂ. ಮಧ್ಯಾಹ್ನಕ್ಕೆ ಅನ್ನ ಇಟ್ಟಿಲ್ಲ. ನನ್ ಕಾರ್ಡೂ ಅವನ್ ತಾವೇ ಅದೆ. ನಂಗೂ ಬೇಕು."

ನನ್ನ ಕಡೆ ನೋಡಲಿಲ್ಲ. ನನಗೋಸ್ಕರ ಬಂದಳು ಅಂತ ನಾನು ಹೇಳುವುದಿಲ್ಲ. ಅವಳ ದುಡ್ಡಿಗೆ ಬಂದಳು. ಅದೇ ಸರಿ. ಅವಳ ಹಿಂದೆ ನಾಗಲಕ್ಷ್ಮಿ ಬಂದಳು. ನೈಟಿ ಮೇಲೆಲ್ಲ ಮೋಳು ಚೆಲ್ಲಿದ ಉಪ್ಪಿಟ್ಟು. "ಸುಂದ್ರಕ್ಕನ್ನ ಕರ್ಕಳಿ, ಇಲ್ಲ ನೀವೇ ಒಳಗ್ ಓಗಿ ತಿನ್ಸಿ" ಅಂದಳು. ಹುಡುಗಿ ಅಳುತ್ತಿದ್ದಳು, ಆದರೆ ಅಂದಳು. ಚಿಕ್ಕಮಲ್ಲಪ್ಪ ಬೀಗದ ಕೈಯನ್ನು ಮೇಡಂ ಕೈಗೆ ಕೊಟ್ಟು ಮಲ್ಲಾಜಮ್ಮನ ಪಕ್ಕ ಹೋಗಿ ನಿಂತ.

ಮೇಡಂ ಫೋನ್ ತೆಗೆದರು. ಏಜೆನ್ಸಿಯ ಯಜಮಾನರ ಜೊತೆ ಮಾತಾಡಿದರು. "ಬೇರೆಯವರನ್ನ ಈಗಲೇ ಕಳಿಸ್ತೀರಾ? ಇವತ್ತೇ? ... ಯಾರೂ ಸಿಗಲ್ಲ ಅಂದ್ರೆ ನಾನೇನ್ ಮಾಡಲಿ? ... ಹಾಗಾದ್ರೆ ನಾನೇ ಡಿಸಿ ಆಫೀಸಿಗೆ ಹೇಳಬೇಕಾಗುತ್ತೆ. ಕಾರ್ಡ್ ವಿಷಯಾನೂ ಹೇಳಬೇಕಾಗುತ್ತೆ."

ಅಷ್ಟು ಹೇಳಲು ಅವರಿಗೆ ಇಷ್ಟು ವರ್ಷ ಬೇಕಾಯಿತು. ಫೋನ್ ಇಟ್ಟು ಒಳಗೆ ಹೋದರು. ಹಾಜರಿ ಪುಸ್ತಕವನ್ನೇ ಗೇಟಿಗೆ ಹಿಡಿದುಕೊಂಡು ಬಂದರು. ನನ್ನ ಹೆಸರಿನ ಮುಂದೆ ಗುರುತು ಹಾಕಿದರು. ನಾನು ಸಹಿ ಮಾಡಿದೆ. ಆಮೇಲೆ ಓಡಿದೆ.

ಮೋಳು ಮೂಲೆಯಲ್ಲಿ ಮುದುಡಿ ಕೂತಿದ್ದಳು. ಹಣೆಯಿಂದ ರಕ್ತ ಹುಬ್ಬಿನ ತನಕ ಇಳಿದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಉಪ್ಪಿಟ್ಟು ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ನನ್ನ ಕಣ್ಣನ್ನೇ ನೋಡಿದಳು. ಪೂರ್ತಿ ನನ್ನ ಮುಖಕ್ಕೆ ಉಗುಳಿದಳು.

ಸರಿಯಾಗಿ ಮಾಡಿದಳು. ನಾನು ಮುಖ ಒರೆಸಿಕೊಳ್ಳಲಿಲ್ಲ. ಇನ್ನೊಂದು ತುತ್ತು ಇಟ್ಟೆ. ತಿಂದಳು.

ಮಧ್ಯಾಹ್ನ ಮಹದೇವಸ್ವಾಮಿ ಬಂದ. ಬೈಕಿನಿಂದ ಇಳಿಯಲೂ ಇಲ್ಲ. ಬ್ಯಾಗಿನಿಂದ ಕಾರ್ಡಿನ ಕಟ್ಟು ತೆಗೆದು ಅಂಗಳಕ್ಕೆ ಎಸೆದ. ರಬ್ಬರ್ ಬ್ಯಾಂಡ್ ಹರಿದು ಕಾರ್ಡುಗಳು ಮಣ್ಣಿನಲ್ಲಿ ಚೆಲ್ಲಿದವು.

"ತಗಂಡ್ ಸಾಯಿರಿ."

ನಾಗಲಕ್ಷ್ಮಿ ಬಗ್ಗಿದಳು. ಮಲ್ಲಾಜಮ್ಮ ಅವಳ ಜಡೆ ಹಿಡಿದು ನಿಲ್ಲಿಸಿದಳು. ಯಾರೂ ಬಗ್ಗಲಿಲ್ಲ. ಮೇಡಂ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು.

"ಎತ್ತಿ ಕೈಗೆ ಕೊಡು" ಅಂದೆ ನಾನು.

ಅವನು ಮೇಡಂ ಕಡೆ ನೋಡಿದ. ಅವರು ಅವತ್ತು ಸೆರಗು ಸರಿ ಮಾಡಿಕೊಂಡು ಒಳಗೆ ಹೋಗಲಿಲ್ಲ. ಬಿಸಿಲು ಸುಡುತ್ತಿತ್ತು. ಕೊನೆಗೆ ಅವನು ಬೈಕ್ ಸ್ಟ್ಯಾಂಡ್ ಹಾಕಿದ. ಬಗ್ಗಿದ. ಒಂದೊಂದೇ ಎತ್ತಿ, ಹೆಸರು ಓದಿ ಕೊಟ್ಟ. ನನ್ನ ಹಳೇ ಕಾರ್ಡ್ ಬಂದಾಗ ಒಂದು ಕೈ ಚಾಚಿದೆ. ಅವನ ಬೆರಳು ನನ್ನ ಅಂಗೈಗೆ ತಾಗಿತು. ಅದು ಕೆಲಸಕ್ಕೆ ಬಾರದ ಕಾರ್ಡು. ಆದರೂ ಇಸಕೊಂಡೆ.

ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಹಿಂದೆ ಹೊಡೆದುಕೊಂಡ ದುಡ್ಡು ಇವತ್ತಿಗೂ ಬಂದಿಲ್ಲ. ನಾವು ನಾಲ್ವರೂ ಹೋಗಿ ಲೇಬರ್ ಆಫೀಸಿನಲ್ಲಿ ದೂರು ಕೊಟ್ಟಿದ್ದೇವೆ. ಸಾಕ್ಷಿ ತನ್ನಿ ಅಂತಾರೆ. ನಾವೇ ಸಾಕ್ಷಿ ಅಂತ ಕೂರುತ್ತೇವೆ. ಮತ್ತೆ ಬನ್ನಿ ಅಂತಾರೆ. ಮತ್ತೆ ಹೋಗುತ್ತೇವೆ. ಏಜೆನ್ಸಿ ಅದೇ ಇದೆ. ಮಹದೇವಸ್ವಾಮಿಯನ್ನು ಬೇರೆ ಕಡೆಗೆ ಹಾಕಿದ್ದಾರೆ. ಅಲ್ಲಿ ಯಾರ ಕಾರ್ಡು ಅವನ ಬ್ಯಾಗಿನಲ್ಲಿದೆಯೋ ಗೊತ್ತಿಲ್ಲ. ಹುಡುಕುತ್ತಿದ್ದೇವೆ. ಮಲ್ಲಾಜಮ್ಮನ ಅಡುಗೆಮನೆ ಹೊಸ್ತಿಲು ಎಲ್ಲಿತ್ತೋ ಅಲ್ಲೇ ಇದೆ. ಅದರ ಜಗಳ ಬೇರೆ ಇದೆ. ಅದನ್ನೂ ಮಾಡುತ್ತೇನೆ.

ಅವತ್ತಿನ ಸಂಜೆಯದು ಒಂದು ಹೇಳಬೇಕು.

ನನ್ನ ಡ್ಯೂಟಿ ಆರಕ್ಕೆ ಮುಗಿಯುತ್ತದೆ. ರಾತ್ರಿಯ ಆಯಾ ಬರಬೇಕಿತ್ತು. ಬರಲಿಲ್ಲ. ಗಲಾಟೆ ಸುದ್ದಿ ಕೇಳಿ ಹೆದರಿ ಮನೆಯಲ್ಲೇ ಉಳಿದಿದ್ದಳು. ಇಂಥ ದಿನ ಬಂದರೆ ನಾನೇ ಉಳಿಯುತ್ತಿದ್ದೆ. ಯಾರೂ ಹೇಳುವುದೂ ಬೇಕಿರಲಿಲ್ಲ. ಯಾರೂ ಕೊಡುವುದೂ ಇರಲಿಲ್ಲ.

ಕೈಚೀಲ ಹಿಡಿದು ಹೊರಟೆ. ಮೋಳು ನನ್ನ ಸೆರಗು ಹಿಡಿದುಕೊಂಡು ಜಗಲಿ ತನಕ ಬಂದಳು. ಮೇಡಂ ಅಲ್ಲೇ ಇದ್ದರು.

"ಇನ್ನೊಂದು ಡ್ಯೂಟಿ ಇದ್ದುಬಿಡು ಸುಂದ್ರಮ್ಮ. ಯಾರೂ ಇಲ್ಲ."

"ಓಟಿ ದುಡ್ಡು ಹಾಕ್ತೀರಾ ಮೇಡಂ?"

"ಅದಕ್ಕೆ ಅವಕಾಶ ಇಲ್ಲ" ಅಂದರು. ಮೆಲ್ಲಗೆ.

ನಾನು ಮೋಳು ಮುಷ್ಟಿ ಬಿಡಿಸಿದೆ. ಒಂದೊಂದೇ ಬೆರಳು. ಅವಳು ಬಿಡಲಿಲ್ಲ, ಮತ್ತೆ ಹಿಡಿದಳು. ಮತ್ತೆ ಬಿಡಿಸಿದೆ. "ನನ್ ಡ್ಯೂಟಿ ಮುಗೀತು ಕಣಮ್ಮಿ. ನಾಳೆ ಬತ್ತೀನಿ. ಹೊತ್ತಾರೆನೇ ಬತ್ತೀನಿ." ಆ ಕೈಯನ್ನು ತೆಗೆದು ನಯನಾ ಮೇಡಂ ಕೈಯೊಳಗೆ ಇಟ್ಟೆ. ಮೇಡಂ ಅವಳನ್ನು ಅಲ್ಲಿಯವರೆಗೆ ಮುಟ್ಟಿದ್ದು ನಾನು ನೋಡಿರಲಿಲ್ಲ.

"ಹಸಿವಾದ್ರೆ ಹಾಲು ಕುಡೀತಾಳೆ. ಬೆನ್ನು ಸವರಿ, ಮಲಗ್ತಾಳೆ" ಅಂದೆ.

ಗೇಟು ದಾಟಿದೆ. ಮೋಳು ಕೂಗು ರಸ್ತೆ ತನಕ ಬಂತು. ತೆರಕಣಾಂಬಿ ಬಸ್ಸು ದೂರದಲ್ಲಿ ಕಾಣುತ್ತಿತ್ತು. ನಾನು ನಿಲ್ಲಲಿಲ್ಲ. ಬಸ್ಸು ಹತ್ತುವ ಮೊದಲು ಒಂದೇ ಸಲ ತಿರುಗಿ ನೋಡಿದೆ. ಜಗಲಿಯ ಮೇಲೆ ಮೇಡಂ ನೆಲಕ್ಕೇ ಕೂತಿದ್ದರು. ಕೈ ಇನ್ನೂ ಬಿಟ್ಟಿರಲಿಲ್ಲ.